ಆಯಿ ಪೋಣಿಸಿದ ಮಳೆ

ಕಂಪ್ಯೂಟರನ್ನು ಮೊಟ್ಟಮೊದಲು ಎಲ್ಲಿ ನೋಡಿದಿರಿ ಎಂದು ಯಾರಾದರೂ ಕೇಳಿದರೆ, ವಡಗಾವಿಯಲ್ಲಿ, ನಮ್ಮ ಮಗ್ಗದ ಕೋಣೆಯಲ್ಲಿ ಎಂದು ಬಾಯಿಗೆ ಬಂದೇಬಿಡುತ್ತದೆ. ಕೇಳಿದವರು ನಗುತ್ತಾರೆ. ನಗಲಿ ಬಿಡ್ರಿ. ಖರೇ ಹೇಳಬೇಕೆಂದರೆ ಆ ಯಂತ್ರ ಇದ್ದದ್ದು ದೂರದ ಪುಣೆಯಲ್ಲಿ. ನಾನು ಅದರ ಮುಖ ಕಂಡದ್ದು ಎಷ್ಟೋ ವರ್ಷಗಳ ಮೇಲೆ. ಆದರೆ ಅದರ ಮುತ್ತಜ್ಜ ನಮ್ಮ ಮನೆಯಲ್ಲೇ ಇದ್ದ. ಅವನ ಕಾಲ ಬುಡದಲ್ಲೇ ನಾವು ಉಂಡು, ಮಲಗಿ, ಜಗಳಾಡಿ ಬೆಳೆದೆವು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಬೆಳಗಾವಿಯ ವಡಗಾವಿ ಎಂದರೆ ನೇಕಾರರ ಓಣಿಗಳು. ನಸುಕಿನಲ್ಲೇ ಪವರ್ ಲೂಮ್‌ಗಳ ಖಟಪಟ ಶುರುವಾಯಿತೆಂದರೆ ಮನುಷ್ಯರ ಮಾತೆಲ್ಲ ಕೂಗಾಗಿಬಿಡುತ್ತಿತ್ತು. ನಮ್ಮ ಅಜ್ಜ ಮಾತ್ರ ಕೈಮಗ್ಗ ಬಿಟ್ಟಿರಲಿಲ್ಲ. ಮುಂಜಾನೆ ಜಳಕ ಮಾಡಿ, ಹಣೆಗೆ ವಿಭೂತಿ ಧರಿಸಿ, ಅಂಗೈಯ ಲಿಂಗಕ್ಕೆ ಪೂಜೆ ಮುಗಿಸಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತರೆ, ಮಧ್ಯಾಹ್ನದ ರೊಟ್ಟಿಗೇ ಅವನು ಏಳುವುದು. ಮಾಳಿಗೆಯಲ್ಲಿ ಒಂದು ಗಾಜಿನ ಹಂಚು ಇತ್ತು. ಅದರಿಂದ ಇಳಿದ ಬಿಸಿಲಿನ ಕಂಬ ದಿನವಿಡೀ ಕೋಣೆಯಲ್ಲಿ ಮೆಲ್ಲಗೆ ಸರಿಯುತ್ತ, ಅಜ್ಜನ ಭುಜ ದಾಟಿ, ಮಗ್ಗದ ಉದ್ದೆಳೆಗಳ ಹಾಸು ದಾಟಿ, ಸಂಜೆಗೆ ಗೋಡೆ ಹತ್ತಿ ಮಾಯವಾಗುತ್ತಿತ್ತು. ನಮ್ಮ ಮನೆಗೆ ಗಡಿಯಾರ ಬೇಕಿರಲಿಲ್ಲ.

ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಎಂಬ ಕಟ್ಟಿಗೆಯ ಪೆಟ್ಟಿಗೆ. ಅದಕ್ಕೆ ಜೋತುಬಿದ್ದ ರಟ್ಟಿನ ಕಾರ್ಡುಗಳ ಸರ. ಒಂದೊಂದು ಕಾರ್ಡಿಗೂ ತೂತುಗಳು. ಅಜ್ಜ ಕಾಲಿನ ಹಲಗೆ ತುಳಿದಂತೆ ಒಂದೊಂದೇ ಕಾರ್ಡು ಪೆಟ್ಟಿಗೆಗೆ ಎದೆ ಕೊಡುತ್ತಿತ್ತು. ತೂತಿದ್ದಲ್ಲಿ ಎಳೆ ಮೇಲೇಳುತ್ತಿತ್ತು, ತೂತಿಲ್ಲದಲ್ಲಿ ಕೆಳಗೇ ಉಳಿಯುತ್ತಿತ್ತು. ನಡುವೆ ಲಾಳಿ ಓಡುತ್ತಿತ್ತು. ಅಷ್ಟೇ. ಅಷ್ಟರಿಂದಲೇ ಸೀರೆಯ ಅಂಚಿನ ದಡಿಯಲ್ಲಿ ನವಿಲು ಹುಟ್ಟುತ್ತಿದ್ದವು.

"ಮಗ್ಗಕ್ಕ ನವಿಲೂ ಗೊತ್ತಿಲ್ಲ, ಗಿಣಿನೂ ಗೊತ್ತಿಲ್ಲ ನೋಡವಾ," ಅಜ್ಜ ನನಗೆ ಹೇಳುತ್ತಿದ್ದ. "ತೂತ ಕಂಡ್ರ ಎಳಿ ಎತ್ತತೈತಿ. ತೂತ ಯಾಕ ಬಿದ್ದೈತಿ ಅಂತ ಕೇಳೂದಿಲ್ಲ."

ಕಾರ್ಡಿಗೆ ತೂತು ಹೊಡೆಯುವುದು ಅಜ್ಜನ ಕೆಲಸ. ಆ ಕಾರ್ಡುಗಳನ್ನು ಒಂದರ ಹಿಂದೊಂದು ದಾರದಿಂದ ಪೋಣಿಸಿ ಸರ ಮಾಡುವುದು ಆಯಿಯದು. ಆಯಿ ಎಂದರೆ ಅಜ್ಜನ ಹೆಂಡತಿ, ನನ್ನಪ್ಪನ ತಾಯಿ. ಇಡೀ ಓಣಿಗೇ ಅವಳು ಆಯಿ. ಅವಳದೊಂದು ಕಟ್ಟುನಿಟ್ಟು ಇತ್ತು: ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಬಿಡಿ ಕಾರ್ಡು ಇರಕೂಡದು. ಹೊಡೆದ ಕಾರ್ಡನ್ನು ಅಂದೇ ಪೋಣಿಸಬೇಕು, ಸರದ ಕೊನೆಯ ಕಾರ್ಡನ್ನು ಮೊದಲನೆಯದಕ್ಕೆ ಕಟ್ಟಿ ಬಳೆಯಂತೆ ಮುಚ್ಚಿಬಿಡಬೇಕು. ಅವಳು ಮದುವೆಯಾಗಿ ಹೊಸದಾಗಿ ಈ ಮನೆಗೆ ನಡೆಯಲು ಬಂದಾಗ ಒಂದು ಬೆಕ್ಕು ಬಿಡಿ ಕಾರ್ಡಿನ ಮೇಲೆ ಹಾರಿ ಎಲ್ಲ ಚೆಲ್ಲಾಪಿಲ್ಲಿ ಮಾಡಿತ್ತಂತೆ. ಆಯ್ದು ಜೋಡಿಸಿ ನೇಯ್ದರೆ ನವಿಲಿನ ಬಾಲ ಮುಂದೆ, ತಲೆ ಹಿಂದೆ. ಆ ಸೀರೆ ಉಟ್ಟವಳ ಮನೆಯಲ್ಲಿ ಎಲ್ಲ ಕೆಲಸ ತಿರುಗಾಮುರುಗಾ ಆದವು ಎಂದು ಆಯಿ ಕತೆ ಕಟ್ಟುತ್ತಿದ್ದಳು. ನಂಬಿದವರಿಗೆ ನಂಬಿಕೆ.

ಇನ್ನು ನನ್ನ ಮಾಮಾ, ನಮ್ಮವ್ವನ ಒಬ್ಬನೇ ತಮ್ಮ. ಖಾನಾಪುರದ ಒಂದು ಸಾಲೆಯಲ್ಲಿ ಗಣಿತದ ಮಾಸ್ತರ. ಒಂದೇ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ ಬೆರೆಸಿ, ಯಾವುದು ಯಾವುದೆಂದು ತನಗೇ ತಿಳಿಯದೆ ಮಾತಾಡುವವ. ಲಗ್ನ ಆಗಿರಲಿಲ್ಲ. "ಮಳಿ ಬಿಟ್ಟು ಒಂದು ಹೆಣ್ಣರ ನೋಡೋ ತಮ್ಮಾ," ಎಂದು ಆಯಿ ಬಂದಾಗೊಮ್ಮೆ ಕುಟುಕುತ್ತಿದ್ದಳು.

ಮಳೆಯ ಮಾತು ಯಾಕೆ ಬಂತೆಂದರೆ, ಅವನ ತಂದೆ, ಅಂದರೆ ನನ್ನ ತಾಯಿಯ ತಂದೆ, ಖಾನಾಪುರದ ಹತ್ತಿರದ ಜಾಂಬೋಟಿಯಲ್ಲಿ ಮಳೆ ಅಳೆಯುತ್ತಿದ್ದವರು. ಮನೆಯ ಮುಂದೆ ಒಂದು ತಗಡಿನ ಕೊಳವೆ. ಮುಂಜಾನೆ ಎದ್ದು ಅದರಲ್ಲಿ ನಿಂತ ನೀರನ್ನು ಅಳೆದು ಬರೆದಿಡುವುದು. ಮಾಮಾ ಹುಟ್ಟಿದ ವರ್ಷ, ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮಳೆಯ ಮೊದಲ ಹನಿಗೆ ಶುರು ಮಾಡಿದ್ದರಂತೆ. ಆ ವರ್ಷದ ಮಳೆಯೇ ಬೇರೆ ಎನ್ನುತ್ತಿದ್ದರು. ಆರ್ಭಟ ಇಲ್ಲ, ಬಿಡುವೂ ಇಲ್ಲ, ತೊಟ್ಟಿಲು ತೂಗಿದಂತೆ ಸುರಿದ ಮಳೆ. "ಅದು ಮತ್ತ ಬರತೈತಿ, ನೋಡ್ಕೋತ ಇರು. ಮಳಿಗೂ ಒಂದು ದಡಿ ಇರತೈತಿ, ಸುತ್ತು ಹಾಕಿ ಅದ ತಿರಗಿ ಬರತೈತಿ," ಎಂದು ಮಗನಿಗೆ ಹೇಳಿ ಹೇಳಿ, ಅಳೆಯುವ ಕೊಳವೆಯನ್ನು ಅವನ ಕೈಗೆ ಕೊಟ್ಟು ತೀರಿಕೊಂಡರು. ಮಾಮಾ ಅದನ್ನು ಖಾನಾಪುರದ ಬಾಡಿಗೆ ಮನೆಯ ಅಂಗಳಕ್ಕೆ ತರಲಿಲ್ಲ. ಜಾಂಬೋಟಿಯ ಮಳೆ ಜಾಂಬೋಟಿಯಲ್ಲೇ ಅಳೆಯಬೇಕೆಂದು ಮಳೆಗಾಲವಿಡೀ ಅಲ್ಲಿಂದಲೇ ಬಸ್ಸಿನಲ್ಲಿ ಸಾಲೆಗೆ ಓಡಾಡುತ್ತಿದ್ದ. ಅಪ್ಪ ಹೇಳಿದ್ದು ಖರೇಯೋ ಸುಳ್ಳೋ ತಿಳಿಯಬೇಕು, ಇದೊಂದೇ ಅವನ ಹಂಬಲ. ಅಷ್ಟು ವರ್ಷಗಳ ಅಂಕಿಗಳನ್ನು ಒಬ್ಬ ಮನುಷ್ಯ ಹೋಲಿಸಿ ನೋಡಿ ಮುಗಿಸುವ ಹೊತ್ತಿಗೆ ಮುದುಕನಾಗುತ್ತಾನೆ. ಅದಕ್ಕೇ ಅವನ ಕಣ್ಣು ಕಂಪ್ಯೂಟರಿನ ಮೇಲೆ ಬಿದ್ದದ್ದು. ಎಲ್ಲಿಂದಲೋ ಪುಸ್ತಕ ತರಿಸಿ ಓದುತ್ತಿದ್ದ, ಓದಿದ್ದನ್ನು ಹೇಳಲು ನಮ್ಮಲ್ಲಿಗೆ ಬರುತ್ತಿದ್ದ.

ಕತೆ ಹೇಳಲು ಕರೆಂಟು ಹೋಗಬೇಕಾಗಿತ್ತು. ಮಧ್ಯಾಹ್ನ ತಟ್ಟನೆ ಓಣಿಯ ಪವರ್ ಲೂಮ್‌ಗಳೆಲ್ಲ ನಿಂತುಬಿಡುತ್ತಿದ್ದವು. ಆಗಿನ ಮೌನ ಹೇಗಿರುತ್ತಿತ್ತೆಂದರೆ, ಬಹಳ ಹೊತ್ತು ನೀರಲ್ಲಿ ಮುಳುಗಿದ್ದವರು ತಲೆ ಮೇಲೆತ್ತಿದಂತೆ. ಗುಬ್ಬಿಯ ದನಿ ಕೇಳುತ್ತಿತ್ತು, ದೂರದ ರೇಲ್ವೆ ಶಿಳ್ಳು ಕೇಳುತ್ತಿತ್ತು. ಅಜ್ಜನ ಲಾಳಿ ಮಾತ್ರ ಚಟ್, ಚಟ್ ಎಂದು ಓಡುತ್ತಿತ್ತು. ಮಾಮಾ ಕುಣಿಯ ಅಂಚಿಗೆ ಕೂತು ಶುರು ಮಾಡುತ್ತಿದ್ದ.

"ಭಾಳ ಹಿಂದ, ಅಜ್ಜಾರ, ಫ್ರಾನ್ಸದಾಗ ರೇಷ್ಮಿ ನೇಯೂ ಊರೊಂದಿತ್ತು. ಅಲ್ಲಿ ಹೂವು ನೇಯಬೇಕಂದ್ರ ಮಗ್ಗದ ಬಾಜೂಕ ಇನ್ನೊಬ್ಬ ನಿಂತು ದಿನಾ ಹಗ್ಗಾ ಜಗ್ಗಬೇಕು. ಆ ಕಷ್ಟಾ ನೋಡಲಾರದ ಒಬ್ಬ ನೇಕಾರ ಈ ಕಾರ್ಡಿನ ಪೆಟಿಗಿ ಮಾಡಿದ."

"ಯಾವ ಪೆಟಿಗಿ? ಇದ?" ಅಜ್ಜ ಲಾಳಿ ನಿಲ್ಲಿಸಿ ಮೇಲೆ ನೋಡಿದ.

"ಇದ."

ಅಜ್ಜ ತಲೆಯ ಟೊಪ್ಪಿಗೆ ತೆಗೆದು ಪೆಟ್ಟಿಗೆಗೆ ಶರಣು ಮಾಡಿದ. ಅಷ್ಟು ವರ್ಷ ಅದರ ಕೆಳಗೆ ಕೂತವನು, ಅದನ್ನು ಮಾಡಿದವನಿಗೂ ಒಂದು ಊರಿತ್ತು, ಕಷ್ಟವಿತ್ತು ಎಂದು ಅಂದೇ ಮೊದಲು ಕೇಳಿದ್ದ.

"ಆದ್ರ ಊರಾಗಿನ ನೇಕಾರರೆಲ್ಲಾ ಸಿಟ್ಟಾಗಿ ಅವನ ಮಶೀನ ಮುರದ ಹಾಕಿದ್ರಂತ."

"ಮುರೀಲಾರದ ಏನ ಮಾಡ್ತಾರ್ರೀ ಮಾಸ್ತರ? ಬಾಜೂ ಮನಿ ಪವರ್ ಲೂಮ್ ಖಟಪಟ ಅಂದಾಗ ನನಗೂ ಕೈ ತುರಸ್ತಾವು," ಎಂದ ಅಜ್ಜ.

ಆಮೇಲೆ ಒಬ್ಬ ಇಂಗ್ಲೀಷ ಮನುಷ್ಯನ ಕತೆ. ಅವನ ಮನೆಯಲ್ಲಿ ಆ ಫ್ರೆಂಚ್ ನೇಕಾರನ ಚಿತ್ರವೊಂದು ಇತ್ತಂತೆ. ಕುಂಚದಿಂದ ಬರೆದದ್ದಲ್ಲ, ಕಾರ್ಡು ಹಾಕಿ ರೇಷ್ಮೆಯಲ್ಲಿ ನೇಯ್ದದ್ದು. ಬಂದ ದೊಡ್ಡವರೆಲ್ಲ ಬರೆದದ್ದೆಂದು ಮೋಸ ಹೋಗುತ್ತಿದ್ದರಂತೆ. ಕಾರ್ಡಿನಿಂದ ಮುಖ ನೇಯಬಹುದಾದರೆ ಲೆಕ್ಕ ಯಾಕೆ ನೇಯಬಾರದು ಎಂದು ಅವನು ಹಿತ್ತಾಳೆಯ ಗಾಲಿಗಳ ಒಂದು ದೊಡ್ಡ ಯಂತ್ರಕ್ಕೆ ಕೈ ಹಾಕಿದ. ಜೀವಮಾನವೆಲ್ಲ ಅದರ ಹಿಂದೆ ಬಿದ್ದ. ಯಂತ್ರ ಮುಗಿಯಲಿಲ್ಲ.

"ಅವಂಗ ಒಬ್ಬಾಕಿ ಹೆಣ್ಣಮಗಳು ಕೆಲಸದಾಗ ಜೋಡಿ ಆದ್ಲು, ಆಯಿ. ಮಶೀನ ತಯಾರಾದ್ರ ಅದಕ್ಕ ಯಾವ ಕಾರ್ಡು ಹೆಂಗ ಹಾಕಬೇಕಂತ ಎಲ್ಲಾ ಬರದಿಟ್ಲು."

ಆಯಿಯ ಸೂಜಿ ನಿಂತಿತು. ಇಷ್ಟು ಹೊತ್ತು ಅವಳು ಕೇಳುತ್ತಿದ್ದಾಳೆಂದೇ ನಮಗೆ ಗೊತ್ತಿರಲಿಲ್ಲ. "ಆಕಿಗೆ ಮಕ್ಕಳೆಷ್ಟು?"

"ಮೂರು, ಆಯಿ."

"ಮಶೀನ ಯಾವಾಗ ಆತು?"

"ಆಗಲೇ ಇಲ್ಲ. ಆಕಿ ಸಣ್ಣ ವಯಸ್ಸಿನಾಗ ತೀರಿಕೊಂಡ್ಲು."

"ಅಯ್ಯ ನನ ತಾಯಿ! ಇಲ್ಲದ ಮಗ್ಗಕ್ಕ ಕಾರ್ಡ ಬರದು ಹೋತಲ್ಲೋ ಜೀವ," ಎಂದು ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಂದಿನಿಂದ ಆ ಹೆಣ್ಣುಮಗಳು ನಮ್ಮ ಓಣಿಯವಳೇ ಆಗಿಹೋದಳು. ಚಲೋ ದಾರ ಸಿಕ್ಕರೆ, "ಇಂಥಾ ದಾರ ಆಕಿಗೆ ಸಿಗಬೇಕಿತ್ತು," ಎನ್ನುವಳು.

ಮುಂದೆ ಅಮೇರಿಕೆಯ ಕತೆಯೂ ಬಂತು. ಖಾನೇಸುಮಾರಿಯಲ್ಲಿ ಜನರನ್ನು ಎಣಿಸಿ ಎಣಿಸಿ ಬೇಸತ್ತವನೊಬ್ಬ, ಮನುಷ್ಯನಿಗೊಂದು ಕಾರ್ಡು ಎಂದು ಮಾಡಿ, ಗಂಡೋ ಹೆಣ್ಣೋ, ಯಾವ ಊರೋ, ಎಲ್ಲಕ್ಕೂ ಒಂದೊಂದು ತೂತು ಹೊಡೆದು ಯಂತ್ರದಿಂದ ಎಣಿಸಿದನಂತೆ. "ಮನಷಾಗೂ ಕಾರ್ಡ ಹೊಡದ್ರ?" ಎಂದು ಅಜ್ಜ ಬೆರಗಾದ. ನನಗೆ ಆ ಮಧ್ಯಾಹ್ನಗಳಲ್ಲಿ ಎಚ್ಚರವೋ ನಿದ್ದೆಯೋ ಗೊತ್ತಾಗುತ್ತಿರಲಿಲ್ಲ. ಕಣ್ಣು ಅರೆ ಮುಚ್ಚಿದರೆ, ಕಾರ್ಡಿನ ತೂತಿನಿಂದ ಇಳಿದ ಬಿಸಿಲಿನ ಚುಕ್ಕೆಗಳಲ್ಲಿ ಆ ಫ್ರೆಂಚ್ ನೇಕಾರ, ಆ ಹೆಣ್ಣುಮಗಳು, ಎಣಿಸಿಕೊಂಡ ಜನರೆಲ್ಲ ನಮ್ಮ ನೆಲದ ಮೇಲೆ ಓಡಾಡುವರು. ಕರೆಂಟು ಬಂದು ಲೂಮುಗಳು ಗದ್ದಲವೆಬ್ಬಿಸಿದಾಗ ಎಲ್ಲ ಎದ್ದು ಓಡಿಹೋಗುವರು.

ಒಂದು ಬೇಸಿಗೆ ಮಾಮಾಗೆ ಪುಣೆಯ ಒಂದು ದೊಡ್ಡ ಸಂಸ್ಥೆಯಿಂದ ಕರೆ ಬಂತು. ಗಣಿತದ ಮಾಸ್ತರರಿಗೆ ಕಂಪ್ಯೂಟರಿನ ಪಾಠ. ಹೋದ. ಪಾಠ ಮುಗಿಯುವಾಗ ಒಬ್ಬೊಬ್ಬರಿಗೂ ಒಂದು ಅವಕಾಶ ಕೊಟ್ಟರು: ತಮ್ಮದೇ ಲೆಕ್ಕ ತಂದು ಒಂದು ಗೊತ್ತಾದ ದಿನ ಯಂತ್ರದಲ್ಲಿ ಓಡಿಸಿ ನೋಡಬಹುದು. ಆ ದಿನ ತಪ್ಪಿದರೆ ಮುಂದಿನ ಬೇಸಿಗೆಗೇ. ಮಾಮಾ ಅಪ್ಪನದೂ ತನ್ನದೂ ಸೇರಿಸಿ ಎಲ್ಲ ಮಳೆಯನ್ನೂ ಅಲ್ಲಿನ ಹುಡುಗಿಯರ ಕೈಯಲ್ಲಿ ಕಾರ್ಡಿಗೆ ಹೊಡೆಸಿದ. ಮಿರಗಕ್ಕೊಂದು, ಆರಿದ್ರಾಕ್ಕೊಂದು, ಹೀಗೆ ಒಂದೊಂದು ವರ್ಷದ ಒಂದೊಂದು ಮಳೆಗೆ ಒಂದೊಂದು ಕಾರ್ಡು. ಆ ಡಬ್ಬಿಗಳನ್ನು ಎದೆಗವಚಿಕೊಂಡು, ಮಿರಜದಲ್ಲಿ ಗಾಡಿ ಬದಲಿಸಿ ನಮ್ಮ ಮನೆಗೆ ಬಂದ.

ನಾವೆಲ್ಲ ಸುತ್ತುವರಿದೆವು. ತೆಳ್ಳಗಿನ, ತಿಳಿ ಹಳದಿ ಬಣ್ಣದ ಕಾರ್ಡು. ಅಜ್ಜ ಒಂದನ್ನು ಬೆಳಕಿಗೆ ಹಿಡಿದು ನೋಡಿದ. "ತೂತು ಸಣ್ಣವು. ಕೈ ಚಲೋ ಐತಿ," ಎಂದ.

"ಆಯಿ, ಇವನ್ನ ಇಲ್ಲೇ ಇಟ್ಟ ಹೋಗ್ತೀನಿ," ಎಂದ ಮಾಮಾ. "ನಮ್ಮ ಕಡೆ ಆಗಲೇ ಮಳಿ ಹಿಡಿದೈತಿ. ಜಾಂಬೋಟಿಯ ಹಸಿಗೆ ಕಾರ್ಡು ಉಬ್ಬಿ ಹಪ್ಪಳ ಆಗಿಬಿಡ್ತಾವು. ಮಗ್ಗದ ಕ್ವಾಣ್ಯಾಗ ಬೆಚ್ಚಗ ಇರಲಿ. ಮುಂದಿನ ವಾರ ಪುಣೆಕ್ಕ ಹೋಗೂವಾಗ ಒಯ್ತೀನಿ. ಒಂದ ಮಾತ್ರ ನೋಡ್ರಿ, ಒಂದ ಕಾರ್ಡ ಸುದ್ದಾ ಹಿಂದ ಮುಂದ ಆಗಬಾರದು."

"ನನಗ ಹೇಳ್ತಿ ಏನೋ ತಮ್ಮಾ?" ಎಂದಳು ಆಯಿ. "ನೀ ನಿಶ್ಚಿಂತಿ ಹೋಗಿ ಬಾ."

ಮಾಮಾ ನಿಶ್ಚಿಂತೆಯಿಂದ ಖಾನಾಪುರದ ಬಸ್ಸು ಹತ್ತಿದ.

ಆಗ ನಾನು ಡಿಗ್ರಿ ಮುಗಿಸಿ ಟಿಳಕವಾಡಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಅಂದು ಸಂಜೆ ತಿರುಗಿ ಬಂದಾಗ ನಮ್ಮ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಹಬ್ಬವೇನೋ ಎಂದುಕೊಂಡೆ. ಹತ್ತಿರ ಬಂದರೆ, ಎಲ್ಲರ ಮಡಿಲಲ್ಲೂ ಮಾಮಾನ ಕಾರ್ಡು. ಆಯಿ ಅಜ್ಜನ ಉಳಿ, ಸುತ್ತಿಗೆ ಹಿಡಿದು ಒಂದೊಂದೇ ಕಾರ್ಡಿನ ಎರಡೂ ತುದಿಗೆ ಅಂದವಾಗಿ ತೂತು ಹೊಡೆದು ಮುಂದೆ ದಾಟಿಸುತ್ತಿದ್ದಳು. ಹೆಂಗಸರು ಹಾಡಿಕೊಂಡು, ನಕ್ಕೋತ, ಪೋಣಿಸುತ್ತಿದ್ದರು. ಅಜ್ಜ ಹಿಂದಿನ ಓಣಿಗೆ ಹಾಸು ಹೂಡಿಕೊಡಲು ಹೋಗಿದ್ದ. ದೀಪ ಹಚ್ಚುವ ಹೊತ್ತಾಗುತ್ತ ಬಂದಿತ್ತು, ಎಲ್ಲರಿಗೂ ಅವಸರ.

"ಆಯಿ! ಇದೇನ ಮಾಡಿದಿ?"

"ಹುಚ್ಚ ಹುಡುಗ, ಹಿಂದ ಮುಂದ ಆಗಬಾರದಂತಾನ, ಮತ್ತ ಬಿಡಿ ಬಿಡಿ ಇಟ್ಟ ಹೋಗ್ಯಾನ. ಪೋಣಿಸಾಕ ತೂತ ಸುದ್ದಾ ಹಾಕಿಲ್ಲ ನೋಡು ಆ ಪುಣೆದವ್ರು," ಎಂದಳು ಆಯಿ. ಮುಖದಲ್ಲಿ ಬೆವರು, ಸಂತೋಷ. "ಒಂದೂ ತಪ್ಪಿಲ್ಲ. ಮಿರಗದ ಬೆನ್ನಿಗೆ ಆರಿದ್ರಾ, ಆರಿದ್ರಾದ ಬೆನ್ನಿಗೆ ಪುನರ್ವಸು, ಹಂಗ ಸಾಲ ಹಿಡದೈತಿ."

ನನಗೆ ಆ ಯಂತ್ರದ ವಿದ್ಯೆ ಎಲ್ಲಿ ಗೊತ್ತಿತ್ತು? ಆದರೂ ತೂತು ಯಾಕೆ ಬಿದ್ದಿದೆ ಎಂದು ಮಗ್ಗ ಕೇಳುವುದಿಲ್ಲ ಎಂಬ ಅಜ್ಜನ ಮಾತು ನೆನಪಾಯಿತು. ಕೊನೆಯ ಡಬ್ಬಿಯೂ ಬರಿದಾಗಿತ್ತು. ಆಯಿ ಕೊನೆಯ ಕಾರ್ಡನ್ನು ಮೊದಲನೆಯದಕ್ಕೆ ಕಟ್ಟಿ, ಹಲ್ಲಿನಿಂದ ದಾರ ಕಡಿದಳು.

ಮುಂದಿನ ವಾರ ಮಾಮಾ ಬಂದಾಗ ಸರ ಮಗ್ಗದ ಕೋಣೆಯ ತೊಲೆಯಿಂದ ಇಳಿಬಿದ್ದಿತ್ತು. ಹೊರಗೆ ಮೋಡ ಹರಿದು ಬಿಸಿಲು ಬಿತ್ತು. ಗಾಜಿನ ಹಂಚಿನಿಂದ ಇಳಿದ ಬೆಳಕು ಅಷ್ಟೂ ವರ್ಷಗಳ ಮಳೆಯ ಒಳಗಿಂದ ಹಾದು, ನೆಲದ ಮೇಲೆ, ಗೋಡೆಯ ಮೇಲೆ, ಮಾಮಾನ ಬಿಳಿ ಅಂಗಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಸುರಿಯಿತು. ಅವನು ಬಾಗಿಲಲ್ಲೇ ನಿಂತ. ಮೊದಲು ನೋಡಿದ್ದು ಆ ಬೆಳಕನ್ನೋ, ತುದಿಯ ತೂತುಗಳನ್ನೋ, ನನಗೆ ಇಂದಿಗೂ ಹೇಳಲಾಗದು.

"ಹೆಂಗೈತಿ?" ಎಂದಳು ಆಯಿ.

ಮಾಮಾ ಒಂದು ಕಾರ್ಡನ್ನು ಬೆರಳಿನಿಂದ ಸವರಿದ. "ಭಾಳ ಛಂದ ಆಗೈತ್ರಿ, ಆಯಿ," ಎಂದ. ಸರವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಚಹಾ ಕುಡಿದ.

ಸ್ಟೇಶನ್ನಿಗೆ ನಾನೂ ಹೋದೆ. ಫಲಾಟಿನ ಮೇಲೆ ಗಾಡಿ ಕಾಯುತ್ತ ಕೇಳಿಯೇಬಿಟ್ಟೆ: "ಮಾಮಾ, ಖರೇ ಹೇಳು, ಕೆಟ್ಟಾವೇನು?"

"ಬಲಗಡೆ ಖಾಲಿ ಐತಿ, ಅಲ್ಲಿ ತೂತು ಹೆಂಗರ ನಡೀತಿತ್ತು. ಎಡಗಡೆ ಅಂಕಿ ಅದಾವು, ಅಲ್ಲಿ ತೂತನ್ನ ಮಶೀನು ಓದತೈತಿ. ಓದಿ, ಇದೆಂಥಾ ಮಳೀಪಾ ಅಂತೈತಿ," ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. "ಮತ್ತ ಹೊಸಾದು ಹೊಡಸಾಕ ಹೊತ್ತಿಲ್ಲ. ಆಯಿ ಮುಂದ ಮಾತ್ರ ಬಾಯಿ ಬಿಡಬ್ಯಾಡ ನೀ."

"ಹಂಗಿದ್ರ ಯಾಕ ಹೊಂಟಿ?"

"ಕರದಾರಲ್ಲ," ಎಂದ. ಗಾಡಿ ಬಂತು.

ವಾರದೊಳಗೆ ತಿರುಗಿ ಬಂದ. ಯಂತ್ರ ಮೊದಲ ಕಾರ್ಡಿಗೇ ಮುಖ ತಿರುಗಿಸಿತ್ತಂತೆ. ಆಯಿ ಕಾದು ಕೂತಿದ್ದಳು. "ಹೊಲಿಗಿ ನೋಡಿ ಏನಂದ್ರೋ?"

"ಇಂಥಾದು ನಾವು ಜನ್ಮದಾಗ ನೋಡಿಲ್ಲ ಅಂದ್ರು, ಆಯಿ."

ಆಯಿ ಓಣಿಯೆಲ್ಲ ಹೇಳಿಕೊಂಡು ಬಂದಳು.

ಅಜ್ಜ ಮಾತ್ರ ಮಾಮಾನ ಮುಖ ನೋಡಿದ, ಕೈಯಲ್ಲಿದ್ದ ಚೀಲ ನೋಡಿದ. "ಮಾಸ್ತರ, ನಿಮ್ಮ ಮಶೀನು ಒಲ್ಲೆ ಅಂದ್ರ ನಮ್ಮದು ಐತೆಲ್ಲ," ಎಂದ. "ನಿಮ್ಮ ಮಳಿ ಹೆಂಗ ಕಾಣತೈತಿ, ಒಮ್ಮೆ ನೇಯ್ದರ ನೋಡೂಣು."

ಮಳೆಗಾಲದ ರಜೆಯೊಂದು ಬಂತು. ಅಳೆಯುವ ಕೆಲಸವನ್ನು ಬಾಜೂ ಮನೆಯ ಮುದುಕನಿಗೆ ಒಪ್ಪಿಸಿ ಮಾಮಾ ಬಂದು ಕೂತ. ಪುಣೆಯ ಕಾರ್ಡಿನ ಅಳತೆ ನಮ್ಮ ಪೆಟ್ಟಿಗೆಗೆ ಕೂಡುವಂತಿರಲಿಲ್ಲ. ಹೀಗಾಗಿ ಅದನ್ನು ನಮ್ಮ ರಟ್ಟಿಗೆ ಇಳಿಸಬೇಕಾಯಿತು. ಎಲ್ಲವನ್ನೂ ಇಳಿಸುವುದು ಆಗದ ಮಾತು. ಮಾಮಾ ಹುಟ್ಟಿದ ವರ್ಷದ ಮಳೆಯಿಂದ ಹಿಡಿದು ಕೆಲವು ವರ್ಷಗಳನ್ನು ಆರಿಸಿಕೊಂಡೆವು. ನಾನು ಬೆಳಕಿಗೆ ಹಿಡಿದು, "ತೂತು, ಬಿಡು, ಬಿಡು, ತೂತು," ಎಂದು ಹೇಳುವುದು, ಅಜ್ಜ ಹೊಡೆಯುವುದು, ಆಯಿ ಪೋಣಿಸುವುದು, ಮಾಮಾ ಒಂದೊಂದು ಕಾರ್ಡಿಗೂ ಅಂದಿನ ಕತೆ ಹೇಳುವುದು. ಈ ಪುನರ್ವಸುವಿನಲ್ಲಿ ಕಾಲುಸಂಕ ಹರಿದುಹೋಗಿತ್ತು, ಈ ಹುಬ್ಬಾ ಮಳೆಯಲ್ಲಿ ಅಪ್ಪನಿಗೆ ಜ್ವರ, ನಡುಗುತ್ತಲೇ ಹೋಗಿ ಅಳೆದು ಬಂದರು. ಹೊರಗೂ ಮಳೆ, ಒಳಗೂ ಮಳೆ. ಯಾವ ಮಳೆಯ ಸಪ್ಪಳ ಯಾವುದೆಂದು ತಿಳಿಯದ ಹಾಗೆ ಆ ದಿನಗಳು ಕಳೆದವು.

ಒಂದು ನೀಲಿ ಸೀರೆ ಮುಗಿದು, ಹಾಸಿನ ತುದಿ ಇನ್ನೂ ಉಳಿದಿತ್ತು. ಅಜ್ಜ ಅದರ ಮೇಲೆ ಮಳೆಯ ಸರ ಏರಿಸಿದ. ಕರೆಂಟು ಹೋಗಿತ್ತು. ಚಟ್, ಚಟ್ ಎಂದು ಲಾಳಿ ಓಡಿತು. ಹೂವಲ್ಲ, ಬಳ್ಳಿಯಲ್ಲ, ನೀಲಿಯ ಮೇಲೆ ಬಿಳಿ ಚುಕ್ಕೆಗಳು ಮೂಡತೊಡಗಿದವು. ಒಂದು ಕಡೆ ಒತ್ತೊತ್ತಾಗಿ, ಒಂದು ಕಡೆ ತೆರಪಾಗಿ. ಮಳೆ ಹಿಡಿದ ಆಕಾಶವನ್ನು ಕತ್ತರಿಸಿ ತಂದಂತೆ. ಮಾಮಾ ಬಗ್ಗಿ ನೋಡುತ್ತಲೇ ಇದ್ದ. ವರ್ಷಗಳು ದಾಟಿದವು. ಸರ ಸುತ್ತು ಮುಗಿಸಿತು. ಒಮ್ಮೆಲೆ ಆ 'ತೊಟ್ಟಿಲು ತೂಗಿದ' ಮಳೆಯ ಸಣ್ಣ ಸಮ ಚುಕ್ಕೆಗಳು ಮತ್ತೆ ಬಟ್ಟೆಯ ಮೇಲೆ ಇಳಿದವು.

"ಬಂತ್ರೀ ಮಾಸ್ತರ!" ಅಜ್ಜ ಕೂಗಿದ. "ನಿಮ್ಮಪ್ಪಾರ ಮಳಿ ತಿರಗಿ ಬಂತ ನೋಡ್ರಿ!"

"ಬರಲಾರದ ಎಲ್ಲಿ ಹೋಗತೈತಿ?" ಆಯಿ ಅಜ್ಜನನ್ನು ಗದರಿದಳು. "ಕೊನೀದು ಮೊದಲಿಂದಕ್ಕ ಕಟ್ಟೀನಿ. ಮುದುಕಾದ್ರೂ ಇಷ್ಟ ತಿಳೀಬಾರದ?"

ನಾವೆಲ್ಲ ನಕ್ಕೆವು. ಮಾಮಾ ಎಲ್ಲರಿಗಿಂತ ಜಾಸ್ತಿ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಆ ನೀಲಿ ತುಂಡನ್ನು ಅಜ್ಜ ಮಗ್ಗದಿಂದ ಕತ್ತರಿಸಿ ಅವನ ಹೆಗಲಿಗೆ ಹಾಕಿದ. ಆದರೆ ಹೋಗುವಾಗ ಬಾಗಿಲಲ್ಲಿ ನಿಂತು ಮಾಮಾ ನನಗೆ ಹೇಳಿದ: "ಬಟ್ಟಿ ಮ್ಯಾಲ ಬಂತು. ಜಾಂಬೋಟಿಗೆ ಬರತೈತೋ ಇಲ್ಲೋ, ಅದ ಇನ್ನೂ ತಿಳೀಬೇಕವಾ."

ಮುಂದಿನ ಬೇಸಿಗೆಯಲ್ಲಿ ಅವನ ಪಾಳಿ ಮತ್ತೆ ಬಂತು. ಈ ಸಲ ಹೊಸ ಕಾರ್ಡು ಹೊಡೆಸಿದವನು ಅವನ್ನು ಪುಣೆಯಲ್ಲೇ ಬಿಟ್ಟುಬಂದಿದ್ದ. ಆಯಿಗೆ ಅದೊಂದು ಸಿಟ್ಟು.

"ಹೊಲಿಯಾಕ ಯಾಕ ತರಲಿಲ್ಲ?"

"ಅಲ್ಲೇ ಒಬ್ಬಾಕಿ ಅದಾಳ್ರಿ, ಆಯಿ."

"ಆಕಿಗೆ ನನ್ನಷ್ಟ ಬರತೈತೇನು?"

"ಛೇ, ಎಲ್ಲೀ ಮಾತು."

ಗೊತ್ತಾದ ದಿನಕ್ಕೆ ಮತ್ತೆ ಪುಣೆಗೆ ಹೋದವನು ತಿರುಗಿ ಬಂದದ್ದು ಇಂಥದೇ ಒಂದು ಕರೆಂಟು ಹೋದ ಮಧ್ಯಾಹ್ನ. ಕೈಯಲ್ಲಿ ಮಡಿಕೆ ಮಡಿಕೆಯಾದ ದಪ್ಪ ಕಾಗದದ ಕಂತೆ. ಅಜ್ಜ ಲಾಳಿ ನಿಲ್ಲಿಸಿದ. ನಮ್ಮವ್ವ ಚಹಾ ಹಿಡಿದು ನಿಂತಳು. ಅವನೇ ಹೇಳಿದ.

"ಓದಿತ್ರಿ, ಅಜ್ಜಾರ. ಎಲ್ಲಾ ಓದಿತು. ಕಣ್ಣ ಮುಚ್ಚಿ ತಗಿಯೂದ್ರಾಗ ಮುಗೀತು. ಯಾವ ವರ್ಷದ ಮಳೀನೂ ಯಾವ ವರ್ಷಕ್ಕೂ ಹೊಂದೂದಿಲ್ಲಂತ. ನಮ್ಮಪ್ಪ ಅಂದದ್ದು... ತಿರಗಿ ಬಂದಿಲ್ಲ ಅದು. ಒಮ್ಮೆನೂ ಬಂದಿಲ್ಲ."

ಗುಬ್ಬಿಯೊಂದು ತೊಲೆಯ ಮೇಲೆ ಚಿಂವ್ ಅಂದಿತು. ನಮ್ಮವ್ವ ಚಹಾದ ತಾಟನ್ನು ಕೆಳಗಿಟ್ಟು, ತಮ್ಮನ ಪಕ್ಕ ಕೂತಳು. ಅದು ಅವಳ ಅಪ್ಪನ ಮಾತೂ ಹೌದಲ್ಲ. ಅಜ್ಜ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಆಯಿ ಮಾತ್ರ ಆ ಕಾಗದ ಎಳೆದುಕೊಂಡಿದ್ದಳು. ಅವಳ ಕಣ್ಣು ಆಗಲೇ ಮಂದ. ಬೆರಳಿನಿಂದ ಅಂಚು ತಡವುತ್ತಿದ್ದವಳು ಒಮ್ಮೆಲೆ ಸೆಟೆದು ಕೂತಳು. "ಏ ತಮ್ಮಾ! ನೋಡೋ ಇಲ್ಲಿ!"

ಕಾಗದದ ಎರಡೂ ಅಂಚಿಗೆ, ಉದ್ದಕ್ಕೂ, ಸಾಲಾಗಿ ಗುಂಡನೆಯ ತೂತುಗಳು.

"ಈ ಸಲ ಪೋಣಿಸಾಕ ತೂತ ಹಾಕೇ ಕಳಿಸ್ಯಾರ! ಹೋದ ವರ್ಷ ನಾ ಮಾಡಿದ್ದ ನೋಡಿ ಕಲತಾರ ನೋಡು. ಹಾಕೂದೇನೋ ಹಾಕ್ಯಾರ, ಪೋಣಿಸಾಕ ಪುರಸತ್ತ ಆಗಿಲ್ಲ ಅವರಿಗೆ."

ಯಂತ್ರದ ಹಲ್ಲುಗಾಲಿ ಕಾಗದವನ್ನು ಹಿಡಿದು ಎಳೆಯಲಿಕ್ಕೆ ಆ ತೂತು ಎಂದು ಮಾಮಾ ಆಮೇಲೆ ನನಗೊಬ್ಬಳಿಗೇ ಹೇಳಿದ. ಆಗ ಮಾತ್ರ ಆಯಿಯ ಮುಖ ನೋಡಿ, "ಹೌದ್ರಿ ಆಯಿ, ಪುರಸತ್ತ ಆಗಿಲ್ಲ," ಎಂದ. ಹೇಳುವಾಗಲೇ ಅವನಿಗೆ ನಗು ಬಂದುಬಿಟ್ಟಿತು. ಆಗ ನಮ್ಮವ್ವನೂ ನಕ್ಕಳು, ಅಜ್ಜನೂ ನಕ್ಕ.

"ಸೂಜಿ ತಾ," ಎಂದಳು ಆಯಿ.

ಮಾಮಾನೇ ಸೂಜಿಗೆ ದಾರ ಏರಿಸಿ ಕೊಟ್ಟ. ಆಯಿ ಮಡಿಕೆಗೆ ಮಡಿಕೆ ಸೇರಿಸಿ ಅಂಚಿನುದ್ದಕ್ಕೂ ಹೊಲಿಯುತ್ತ ಬಂದಳು. ಒಂದು ತುದಿ ಹಿಡಿದು ಮಾಮಾ ಎದುರಿಗೆ ಕೂತಿದ್ದ. ಅವಳ ಬೆರಳು ಕೊನೆಯ ಹಾಳೆಗೆ ಬಂತು. ಎಂದಿನಂತೆ ಅದನ್ನು ಮೊದಲನೆಯದರ ಕಡೆಗೆ ತಿರುಗಿಸಿದಳು, ಬಳೆ ಮುಚ್ಚಲು.

ಮಾಮಾ ಮೆಲ್ಲಗೆ ಅವಳ ಕೈ ಹಿಡಿದ.

"ಆಯಿ, ಅದನ್ನ ಕಟ್ಟಬ್ಯಾಡ್ರಿ. ಈ ವರ್ಷದ್ದು ಇನ್ನೂ ಸೇರಸೂದೈತಿ. ನಾಳಿಗೆ ಮಿರಗ ಕೂಡತೈತಿ, ನಾ ಸಂಜಿ ಬಸ್ಸಿಗೇ ಹೋಗಬೇಕು."

ಆಯಿ ಅವನ ಮುಖದತ್ತ ಕತ್ತು ಎತ್ತಿದಳು. ಅವಳಿಗೆ ಕಂಡದ್ದು ಎಷ್ಟೋ. ದೀಪ ಹಚ್ಚುವ ಹೊತ್ತಿಗೆ ಸರವೊಂದು ತೆರೆದೇ ಉಳಿಯುವುದು ಆ ಮನೆಯಲ್ಲಿ ಅಲ್ಲಿಯವರೆಗೆ ನಡೆದಿರಲಿಲ್ಲ. ಸ್ವಲ್ಪ ಹೊತ್ತು ಸೂಜಿ ಗಾಳಿಯಲ್ಲಿ ನಿಂತಿತು. ಆಮೇಲೆ ಅವಳು ದಾರವನ್ನು ಗೇಣುದ್ದ ಬಿಟ್ಟು, ಹಲ್ಲಿನಿಂದ ಕಡಿದಳು.

"ಹಂಗಿದ್ರ ದಾರ ಉದ್ದ ಬಿಟ್ಟೀನಿ," ಎಂದಳು. "ಎಷ್ಟ ಬರತಾವೋ ಬರಲಿ."